ಮಾರಾಟ ತೆರಿಗೆ ತಂದ ರಾಜಾಜಿ ವಿರೋಧ ಪಕ್ಷದಲ್ಲಿ ಕುಳಿತು ತೆರಿಗೆಯನ್ನು ವಿರೋಧಿಸಿದ್ದು ಸರಿಯೇ?

ಹಳೇ ಲೆಡ್ಜರ್

ಬಜೆಟ್ ಮಂಡನೆಯಾದ ಸಂಜೆ ವಿರೋಧ ಪಕ್ಷದ ನಾಯಕರು ಹೇಳುವ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ: ತೆರಿಗೆ ಹೆಚ್ಚಾಯಿತು, ಜನರಿಗೆ ಕೊಟ್ಟದ್ದು ಸಾಲದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇದಕ್ಕೆ ಅಪವಾದವಾಗಿ ನಮ್ಮ ದೇಶದಲ್ಲಿ ಒಬ್ಬ ವಿರೋಧ ಪಕ್ಷದ ರಾಜಕಾರಣಿ ಇದ್ದರು. ಸರ್ಕಾರ ಕಡಿಮೆ ತೆರಿಗೆ ಹಾಕಲಿ, ಕಡಿಮೆ ಖರ್ಚನ್ನೂ ಮಾಡಲಿ ಎಂದು ಎರಡನ್ನೂ ಜೋಡಿಸಿ ಹೇಳಿದವರು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷವನ್ನು ಕಟ್ಟಿದರು. ಆ ಪಕ್ಷದ ಮೂಲ ತತ್ತ್ವಗಳಲ್ಲಿಯೇ ಬೆನ್ನು ಮುರಿಯುವ ತೆರಿಗೆ, ಮಿತಿಮೀರಿದ ಕೊರತೆ ಹಣಕಾಸು (ಆದಾಯ ಮೀರಿದ ಖರ್ಚನ್ನು ನೋಟು ಮುದ್ರಿಸಿ ತುಂಬಿಸುವುದು), ತೀರಿಸಲಾಗದಷ್ಟು ವಿದೇಶಿ ಸಾಲ ಇವುಗಳಿಗೆ ವಿರೋಧವಿತ್ತು.

ಅವರನ್ನು ಹಣವಂತರ ವಕೀಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಭಾರತದಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ಮೊದಲು ತಂದವರೂ ಅವರೇ. 1937ರಲ್ಲಿ ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದಾಗ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿ ಮಾಡಿದರು, ಆಮೇಲೆ ಅದನ್ನು ಚಿತ್ತೂರು, ಕಡಪಾಗಳಿಗೂ ವಿಸ್ತರಿಸಿದರು. ಅಬಕಾರಿ ಆದಾಯ ಪ್ರಾಂತದ ಬೊಕ್ಕಸದ ದೊಡ್ಡ ಪಾಲಾಗಿತ್ತು. ಅದನ್ನು ಬಿಟ್ಟುಕೊಟ್ಟ ಮೇಲೆ ಆ ತೂತನ್ನು ಮುಚ್ಚಲು ಬಂದದ್ದೇ 1939ರ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ. ಮಂಗಳೂರು, ಬಳ್ಳಾರಿಗಳು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿನ ವರ್ತಕರು ಮೈಸೂರಿನವರಿಗಿಂತ ಸುಮಾರು ಒಂಬತ್ತು ವರ್ಷ ಮೊದಲೇ ಈ ತೆರಿಗೆಯ ರುಚಿ ಕಂಡಿದ್ದರು.

ಈ ಎರಡು ರಾಜಾಜಿಗಳ ನಡುವೆ ವಿರೋಧವಿಲ್ಲ ಎಂಬುದು ನನ್ನ ವಾದ. 1939ರಲ್ಲಿ ಅವರು ಒಂದು ಆದಾಯವನ್ನು ಕಳೆದುಕೊಂಡರು, ಅದಕ್ಕೆ ಇನ್ನೊಂದನ್ನು ಹುಡುಕಿದರು, ಜನರ ಬೈಗುಳವನ್ನು ತಾವೇ ಹೊತ್ತರು. ಇಪ್ಪತ್ತು ವರ್ಷಗಳ ನಂತರ ಅವರು ವಿರೋಧಿಸಿದ್ದು ತೆರಿಗೆ ಎಂಬ ವಸ್ತುವನ್ನಲ್ಲ, ಖರ್ಚನ್ನು ಮೊದಲು ನಿಗದಿ ಮಾಡಿ ಹಣವನ್ನು ಆಮೇಲೆ ಹುಡುಕುವ ಪದ್ಧತಿಯನ್ನು. ಎರಡನೆಯ ಪಂಚವಾರ್ಷಿಕ ಯೋಜನೆಯ ಹಣಕಾಸಿನ ಪಟ್ಟಿಯನ್ನು ನೋಡಿ. ಸಾರ್ವಜನಿಕ ವಲಯದ ಒಟ್ಟು ವೆಚ್ಚ ₹4,800 ಕೋಟಿ. ಅದರಲ್ಲಿ ₹1,200 ಕೋಟಿ, ಅಂದರೆ ಕಾಲು ಭಾಗ, ಕೊರತೆ ಹಣಕಾಸು. ₹800 ಕೋಟಿ ವಿದೇಶಿ ನೆರವು. ಇಷ್ಟಾದರೂ ₹400 ಕೋಟಿಗೆ ಮೂಲವೇ ಇಲ್ಲ. ಆ ಕಂದಕವನ್ನು ದೇಶದೊಳಗಿನ ಹೆಚ್ಚುವರಿ ಕ್ರಮಗಳಿಂದ ತುಂಬಿಸುತ್ತೇವೆ ಎಂದು ಪಟ್ಟಿಯಲ್ಲೇ ಅಚ್ಚು ಹಾಕಿದ್ದರು. ಮನೆಯ ಯಜಮಾನ ಹೀಗೆ ಲೆಕ್ಕ ಬರೆದರೆ ಊರಿನ ಸಾಹುಕಾರನೂ ಸಾಲ ಕೊಡುವುದಿಲ್ಲ.

ಇನ್ನು ಚರ್ಚೆ ನಿಮ್ಮದು. ವೇದಿಕೆಯಲ್ಲಿ ತೆರಿಗೆ ಕಟ್ಟಿಸುವವರು, ಕಟ್ಟುವವರು, ಲೆಕ್ಕ ತಪಾಸಣೆ ಮಾಡಿದವರು ಎಲ್ಲರೂ ಇದ್ದೀರಿ.

ತುಂಗಾತೀರ

ಲೆಡ್ಜರ್ ಅವರೇ, ಕಥೆಯನ್ನು ಚೆನ್ನಾಗಿ ಹೆಣೆದಿದ್ದೀರಿ, ಆದರೆ ಒಂದು ಎಳೆಯನ್ನು ಮೆಲ್ಲಗೆ ಬಿಟ್ಟಿದ್ದೀರಿ. ಮಾರಾಟ ತೆರಿಗೆಯನ್ನು ಕೊನೆಗೆ ಕಟ್ಟುವವರು ಯಾರು? ಉಪ್ಪು, ಎಣ್ಣೆ, ಬಟ್ಟೆ ಕೊಳ್ಳುವವರು. 1939ರ ಕಾಯ್ದೆಯಲ್ಲಿ ಸರಕು ಕೈ ಬದಲಾಯಿಸಿದಾಗಲೆಲ್ಲ ತೆರಿಗೆ ಬೀಳುತ್ತಿತ್ತು. ಅದಕ್ಕೆ ರಾಜಾಜಿಯವರ ಒಪ್ಪಿಗೆ ಇತ್ತು. ಸಂಪತ್ತಿನ ಮೇಲೆ, ದುಂದು ವೆಚ್ಚದ ಮೇಲೆ, ಪಿತ್ರಾರ್ಜಿತದ ಮೇಲೆ ತೆರಿಗೆ ಬಂದಾಗ ಮಾತ್ರ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತು! ಸ್ವತಂತ್ರ ಪಕ್ಷದ ಪಟ್ಟಿಯಲ್ಲಿ ಎಷ್ಟು ಮಂದಿ ಮಾಜಿ ಮಹಾರಾಜರು, ಜಮೀನ್ದಾರರು ಇದ್ದರು ಎಂದು ನೋಡಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ನಾನು ಹುಟ್ಟಿದ ಸೀಮೆಯಲ್ಲಿ ವಿರೋಧ ಪಕ್ಷ ಎಂದರೆ ಶಾಂತವೇರಿ ಗೋಪಾಲಗೌಡರು. ಕಾಗೋಡಿನ ಗೇಣಿದಾರರ ಜೊತೆ ನಿಂತು ವಿಧಾನಸಭೆಗೆ ಬಂದವರು ಅವರು. ಸರ್ಕಾರದ ಹಣ ಯಾರ ಹೊಲಕ್ಕೆ ಹರಿಯುತ್ತಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ರಾಜಾಜಿಯವರದು ಎಷ್ಟು ಹರಿಯುತ್ತಿದೆ ಎಂಬ ಪ್ರಶ್ನೆ. ನನಗೆ ಮೊದಲನೆಯದೇ ಹೆಚ್ಚು ಮುಖ್ಯ.

ವರಮಾನ ವಕೀಲ

ತುಂಗಾತೀರ ಅವರು ಹೇಳಿದ ಸಂಪತ್ತಿನ ತೆರಿಗೆ, ವೆಚ್ಚ ತೆರಿಗೆಗಳ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ನನ್ನ ವೃತ್ತಿಯೇ ಇದು, ಹಾಗಾಗಿ ಉದ್ದವಾದರೆ ಕ್ಷಮೆ ಇರಲಿ.

ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1956ರಲ್ಲಿ ಭಾರತದ ತೆರಿಗೆ ಸುಧಾರಣೆಯ ಬಗ್ಗೆ ವರದಿ ಕೊಟ್ಟರು. ಶ್ರೀಮಂತರು ಒಂದು ಬಾಗಿಲಿನಿಂದ ತಪ್ಪಿಸಿಕೊಂಡರೆ ಇನ್ನೊಂದರಲ್ಲಿ ಸಿಕ್ಕಿಬೀಳಬೇಕು, ಅದಕ್ಕಾಗಿ ಆದಾಯ, ಬಂಡವಾಳ ಲಾಭ, ಸಂಪತ್ತು, ಉಡುಗೊರೆ, ವೈಯಕ್ತಿಕ ವೆಚ್ಚ ಎಲ್ಲದರ ಮೇಲೂ ಒಂದಕ್ಕೊಂದು ಬೆಸೆದ ತೆರಿಗೆ ಇರಲಿ ಎಂದರು. ಜೊತೆಗೆ ಇನ್ನೊಂದು ಶಿಫಾರಸು ಇತ್ತು: ಇಷ್ಟೆಲ್ಲ ತಂದ ಮೇಲೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡಾ 45ಕ್ಕೆ ಇಳಿಸಿ. ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತಿನ ತೆರಿಗೆ, ವೆಚ್ಚ ತೆರಿಗೆಗಳನ್ನು ತಂದರು. ಆದಾಯ ತೆರಿಗೆಯ ದರವನ್ನೂ ಸ್ವಲ್ಪ ಇಳಿಸಿದರು, ಆದರೆ ಅದು 45ರ ಹತ್ತಿರಕ್ಕೂ ಬರಲಿಲ್ಲ. ಕಾಲ್ಡರ್ ಹೇಳಿದ್ದರಲ್ಲಿ ವಸೂಲಿಗೆ ಸಂಬಂಧಿಸಿದ ಭಾಗ ಜಾರಿಯಾಯಿತು, ರಿಯಾಯಿತಿಗೆ ಸಂಬಂಧಿಸಿದ ಭಾಗ ಕಡತದಲ್ಲಿ ಉಳಿಯಿತು.

ವೆಚ್ಚ ತೆರಿಗೆಯ ಗತಿ ಏನಾಯಿತು ಗೊತ್ತೇ? 1962ರಲ್ಲಿ ಮೊರಾರ್ಜಿ ದೇಸಾಯಿ ರದ್ದು ಮಾಡಿದರು. 1964ರಲ್ಲಿ ಕೃಷ್ಣಮಾಚಾರಿ ಮತ್ತೆ ತಂದರು. 1966ರಲ್ಲಿ ಮತ್ತೆ ರದ್ದು. ಬಂದ ಹಣಕ್ಕಿಂತ ಬರೆದ ಕಾಗದವೇ ಹೆಚ್ಚು ಎಂದು ಹಿರಿಯ ವಕೀಲರು ನಗುತ್ತಿದ್ದರು.

ದರದ ವಿಷಯ ಅಲ್ಲಿಗೆ ನಿಲ್ಲಲಿಲ್ಲ. 1973-74ರ ಹೊತ್ತಿಗೆ ₹2 ಲಕ್ಷ ದಾಟಿದ ಆದಾಯದ ಮೇಲೆ ಶೇಕಡಾ 85 ತೆರಿಗೆ, ಆ ತೆರಿಗೆಯ ಮೇಲೆ ಶೇಕಡಾ 15 ಸರ್ಚಾರ್ಜ್, ಒಟ್ಟು 97.75. ಅಂದರೆ ಮುಂದಿನ ನೂರು ರೂಪಾಯಿ ದುಡಿದರೆ ಕೈಗೆ ಸಿಗುವುದು ಎರಡೂ ಕಾಲು ರೂಪಾಯಿ. ಸಂಪತ್ತಿನ ತೆರಿಗೆಯನ್ನೂ ಸೇರಿಸಿದರೆ ಕೆಲವರ ಒಟ್ಟು ತೆರಿಗೆ ಆದಾಯವನ್ನೇ ಮೀರುತ್ತಿತ್ತು. ಪ್ರಾಮಾಣಿಕವಾಗಿ ಕಟ್ಟುವವರು ಎಷ್ಟು ಮಂದಿ ಇದ್ದಾರು? ಅವಿಭಕ್ತ ಕುಟುಂಬದ ಹೆಸರಿನಲ್ಲಿ ಆದಾಯ ಹಂಚುವುದು, ಬೇನಾಮಿ ಆಸ್ತಿ, ಕಂಪನಿಯ ಲೆಕ್ಕದಲ್ಲಿ ಮನೆ ಕಾರು, ನಿವೇಶನ ಮಾರುವಾಗ ಅರ್ಧ ಬಿಳಿ ಅರ್ಧ ಕಪ್ಪು, ಇವೆಲ್ಲ ಬೆಳೆದದ್ದು ಆ ದರಗಳ ನೆರಳಿನಲ್ಲಿ. ಇದನ್ನು ಹೇಳಿದವರು ರಾಜಾಜಿ ಮಾತ್ರವಲ್ಲ. ಸರ್ಕಾರವೇ ನೇಮಿಸಿದ ವಾಂಚೂ ಸಮಿತಿ 1971ರಲ್ಲಿ ತೆರಿಗೆ ವಂಚನೆಗೆ ಅತಿಯಾದ ದರಗಳೇ ಮುಖ್ಯ ಕಾರಣ ಎಂದಿತು, ಗರಿಷ್ಠ ದರ ಶೇಕಡಾ 75ಕ್ಕೆ ಇಳಿಯಲಿ ಎಂದಿತು. 1974ರಲ್ಲಿ ದರ 77ಕ್ಕೆ, 1985ರಲ್ಲಿ 50ಕ್ಕೆ, 1997ರಲ್ಲಿ 30ಕ್ಕೆ ಬಂತು. ಇಳಿಸಿದವರೆಲ್ಲ ಬೇರೆ ಬೇರೆ ಕಾಲದ ಹಣಕಾಸು ಸಚಿವರು. ಸ್ವತಂತ್ರ ಪಕ್ಷದವರು ಒಬ್ಬರೂ ಅಲ್ಲ.

ತುಂಗಾತೀರ

ವಕೀಲರೇ, 97.75 ಮೂರ್ಖತನ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಅನ್ವಯಿಸುತ್ತಿದ್ದದ್ದು ಬೆರಳೆಣಿಕೆಯ ಜನರಿಗೆ. ಅದನ್ನೇ ಇಡೀ ದೇಶದ ತೆರಿಗೆ ವ್ಯವಸ್ಥೆಯ ಮುಖ ಎಂಬಂತೆ ತೋರಿಸಬೇಡಿ. ಆ ಕಾಲದಲ್ಲೂ ಬೊಕ್ಕಸ ತುಂಬುತ್ತಿದ್ದದ್ದು ಕೇಂದ್ರ ಅಬಕಾರಿ (ತಯಾರಾದ ಸರಕಿನ ಮೇಲಿನ ಸುಂಕ), ಕಸ್ಟಮ್ಸ್, ಮಾರಾಟ ತೆರಿಗೆಗಳಿಂದ.

ವರಮಾನ ವಕೀಲ

ಅದು ನನ್ನ ಪರವಾದ ಸಾಕ್ಷ್ಯ, ತುಂಗಾತೀರ ಅವರೇ. ಶ್ರೀಮಂತರಿಂದ ಬರಲಿಲ್ಲ, ಬಡವರಿಂದ ಬಂತು. ಹಾಗಾದರೆ ಆ ದರ ಯಾರನ್ನು ಸಮಾಧಾನ ಮಾಡಲು ಇತ್ತು?

ಸಾಲುಮರ

ಇಬ್ಬರೂ ಒಂದೇ ಮಾತನ್ನು ಜಗಳದ ಧ್ವನಿಯಲ್ಲಿ ಹೇಳುತ್ತಿದ್ದೀರಿ ಅನ್ನಿಸುತ್ತಿದೆ. ಮುಂದುವರಿಸಿ, ಓದುತ್ತಿದ್ದೇನೆ.

ಗಣಿತಪ್ರಿಯೆ

ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಲೆಡ್ಜರ್ ಸರ್ ಒಂದು ಹೆಸರನ್ನು ಬಿಟ್ಟದ್ದು ನನಗೆ ಬೇಸರ: ಬೆಳ್ಳಿಕೋತು ರಘುನಾಥ ಶೆಣೈ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನವರು. ಎರಡನೆಯ ಯೋಜನೆಗೆ ಸಲಹೆ ಕೊಡಲು ಕರೆದಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಜನರ ಉಳಿತಾಯದ ಶಕ್ತಿಯನ್ನು ಮೀರಿ ಹೂಡಿಕೆ ಮಾಡಿ, ವ್ಯತ್ಯಾಸವನ್ನು ನೋಟು ಮುದ್ರಣದಿಂದ ತುಂಬಿಸಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ, ಆಮೇಲೆ ನಿಯಂತ್ರಣದ ಮೇಲೆ ನಿಯಂತ್ರಣ ಬರುತ್ತದೆ ಎಂಬುದು ಅವರ ತರ್ಕ. ಯೋಜನೆಯ ಎರಡನೆಯ ವರ್ಷಕ್ಕೇ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. 1958ರಲ್ಲಿ ಸಾಲ ಕೊಡುವ ದೇಶಗಳ ಒಕ್ಕೂಟ ಕೂಡಬೇಕಾಯಿತು. ಐದು ವರ್ಷಗಳಲ್ಲಿ ಸಗಟು ಬೆಲೆಗಳು ಶೇಕಡಾ 30ರ ಆಸುಪಾಸು ಏರಿದವು.

ಹಾಗಾಗಿ ಕೊರತೆ ಹಣಕಾಸಿನ ಬಗ್ಗೆ ರಾಜಾಜಿ ಹೇಳಿದ್ದು ಹಳೆಯ ಕಾಲದ ಜಿಪುಣತನವಲ್ಲ, ಅದಕ್ಕೆ ಶಾಸ್ತ್ರದ ಆಧಾರವಿತ್ತು. ಬೆಲೆ ಏರಿಕೆಯೂ ಒಂದು ತೆರಿಗೆಯೇ. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಡ, ರಸೀದಿಯೂ ಇಲ್ಲ, ಮತ್ತು ಅದು ಕೂಲಿಯವನಿಗೆ ಮೊದಲು ತಟ್ಟುತ್ತದೆ. ತುಂಗಾತೀರ ಸರ್ ಇದನ್ನು ಗಮನಿಸಬೇಕು.

ಆದರೆ ನಾನು ಪೂರ್ತಿ ಲೆಡ್ಜರ್ ಸರ್ ಅವರ ಪಕ್ಷವೂ ಅಲ್ಲ. 1953ರ ಶಾಲಾ ಯೋಜನೆಯ ಬಗ್ಗೆ ನೀವು ಏನು ಹೇಳುತ್ತೀರಿ? ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ ಎರಡು ಪಾಳಿ ಮಾಡಿದರು. ಅದೇ ಕಟ್ಟಡ, ಅದೇ ಮೇಷ್ಟರು, ಎರಡರಷ್ಟು ಮಕ್ಕಳು. ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯ ಕಸುಬು ಕಲಿಯಲಿ ಎಂದರು. ಬೊಕ್ಕಸದ ದೃಷ್ಟಿಯಿಂದ ಇದು ಚತುರ ಯೋಜನೆ. ಸಮಾಜದ ದೃಷ್ಟಿಯಿಂದ ಚಮ್ಮಾರನ ಮಗ ಚಮ್ಮಾರನಾಗಿಯೇ ಇರಲಿ ಎಂದ ಹಾಗಾಯಿತು. ಕುಲಕಸುಬಿನ ಶಿಕ್ಷಣ ಎಂದು ಪೆರಿಯಾರ್, ದ್ರಾವಿಡ ಪಕ್ಷಗಳು ಸಿಡಿದೆದ್ದವು, ಕಾಂಗ್ರೆಸ್ಸಿನೊಳಗೂ ವಿರೋಧ ಬಂತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟು, ಹೆಚ್ಚು ಹಣ ಖರ್ಚು ಮಾಡಿ ಶಾಲೆಗಳನ್ನು ತೆರೆದರು, ಮಧ್ಯಾಹ್ನದ ಊಟ ಹಾಕಿಸಿದರು. ಇವತ್ತು ತಮಿಳುನಾಡಿನ ಏಳಿಗೆಯ ಕಾರಣ ಹೇಳುವಾಗ ಯಾರ ಹೆಸರು ಮೊದಲು ಬರುತ್ತದೆ?

ತುಂಗಾತೀರ

ಮೇಡಂ, ನಾನು ಹತ್ತು ಸಾಲು ಬರೆದು ಹೇಳಲಾಗದ್ದನ್ನು ನೀವು ಒಂದೇ ಉದಾಹರಣೆಯಲ್ಲಿ ಹೇಳಿದಿರಿ.

ಹಳೇ ಲೆಡ್ಜರ್

ಆ ಶಾಲಾ ಯೋಜನೆಯನ್ನು ನಾನು ಸಮರ್ಥಿಸುವುದಿಲ್ಲ, ಸಮರ್ಥಿಸುವ ಅಗತ್ಯವೂ ಇಲ್ಲ. ಅಲ್ಲಿ ರಾಜಾಜಿ ತಪ್ಪಿದರು. ಖರ್ಚು ಉಳಿಸುವುದೇ ಗುರಿಯಾದಾಗ ಯಾರ ಪಾಲಿನಿಂದ ಉಳಿಯುತ್ತಿದೆ ಎಂಬುದು ಕಣ್ಣಿಗೆ ಬೀಳಲಿಲ್ಲ. ಆದರೆ ಮೇಡಂ, ಕಾಮರಾಜರನ್ನು ನೀವು ನನ್ನ ವಿರುದ್ಧ ನಿಲ್ಲಿಸಿದ್ದು ನ್ಯಾಯವಲ್ಲ. ಕಾಮರಾಜರ ಬಜೆಟ್‌ಗಳು ನೋಟು ಅಚ್ಚು ಹಾಕಿ ನಡೆದವಲ್ಲ. ರಾಜ್ಯಗಳಿಗೆ ಆ ಅವಕಾಶವೇ ಇಲ್ಲ. ಇದ್ದ ಆದಾಯದಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂದು ಆರಿಸಿದರು, ಶಾಲೆಯನ್ನು ಆರಿಸಿದರು. ಆ ಆದಾಯದ ಮುಖ್ಯ ಮೂಲಗಳಲ್ಲಿ ಒಂದು ಯಾವುದು? ರಾಜಾಜಿ 1939ರಲ್ಲಿ ಬೈಸಿಕೊಂಡು ತಂದ ಮಾರಾಟ ತೆರಿಗೆ! ಒಬ್ಬರು ಹಣದ ದಾರಿ ಮಾಡಿದರು, ಇನ್ನೊಬ್ಬರು ಅದನ್ನು ಸರಿಯಾದ ಕಡೆಗೆ ತಿರುಗಿಸಿದರು.

ಮುಖ್ಯಮಂತ್ರಿಯಾಗಿ ಅವರು ಮಾಡಿದ ಇನ್ನೊಂದು ಕೆಲಸವೂ ಇದೆ. 1952ರಲ್ಲಿ ಆಹಾರಧಾನ್ಯದ ನಿಯಂತ್ರಣವನ್ನು ಕಿತ್ತುಹಾಕಿದರು. ಅಕ್ಕಿ ಮಾಯವಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು, ಹಾಗಾಗಲಿಲ್ಲ. ಪರ್ಮಿಟ್, ಲೈಸೆನ್ಸ್, ಕೋಟಾ ರಾಜ್ಯ ಎಂದು ಮುಂದೆ ಅವರು ಮೂದಲಿಸಿದ್ದಕ್ಕೆ ಈ ಅನುಭವವೂ ಹಿಂದೆ ಇತ್ತು.

ಕಡತಯಾತ್ರೆ

ಲೆಕ್ಕ ತಪಾಸಣೆ ಇಲಾಖೆಯಿಂದ ನಿವೃತ್ತನಾದವನು. ಇಲ್ಲಿ ಎಲ್ಲರೂ ಅಭಿಪ್ರಾಯಗಳ ಬಗ್ಗೆ ಮಾತನಾಡುತ್ತಿದ್ದೀರಿ, ವಿರೋಧ ಪಕ್ಷದವನ ಕೈಯಲ್ಲಿ ಇರುವ ಹತ್ಯಾರುಗಳ ಬಗ್ಗೆ ಯಾರೂ ಮಾತನಾಡುತ್ತಿಲ್ಲ.

ನಮ್ಮ ಸಂವಿಧಾನದ 113ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಅನುದಾನದ ಬೇಡಿಕೆ ಮಂಡಿಸುವಂತಿಲ್ಲ, ಅಂದರೆ ಸರ್ಕಾರ ಮಾತ್ರ ಮಂಡಿಸಬಹುದು. ಸದನ ಆ ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು. ಹೆಚ್ಚಿಸುವಂತಿಲ್ಲ. ತೆರಿಗೆಯ ವಿಷಯದಲ್ಲೂ ಹೀಗೆಯೇ. ತೆರಿಗೆ ವಿಧಿಸುವ ಮಸೂದೆಗೆ 117ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಬೇಕು, ಆದರೆ ತೆರಿಗೆಯನ್ನು ಇಳಿಸುವ ಅಥವಾ ರದ್ದು ಮಾಡುವ ತಿದ್ದುಪಡಿಗೆ ಆ ಶಿಫಾರಸು ಬೇಡ. ಈಗ ಯೋಚಿಸಿ: ವಿರೋಧ ಪಕ್ಷದ ಸದಸ್ಯನೊಬ್ಬ ಶಾಲೆಗಳಿಗೆ ಇನ್ನಷ್ಟು ಹಣ ಕೊಡಿ ಎಂದು ಮತಕ್ಕೆ ಹಾಕಿಸಲು ದಾರಿಯೇ ಇಲ್ಲ. ಶಿಕ್ಷಣ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಿ ಎಂದು ಸೂಚನೆ ಕೊಟ್ಟು, ಆ ನೆಪದಲ್ಲಿ ಶಾಲೆಗಳ ದುಃಸ್ಥಿತಿಯನ್ನು ಹೇಳಬೇಕು. ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂಬ ಸೂಚನೆ ಕೊಡಬೇಕು. ಎಡದವನಿರಲಿ ಬಲದವನಿರಲಿ, ಸದನದ ನಿಯಮವೇ ಅವನ ಬಾಯಲ್ಲಿ ಕಡಿಮೆ ಮಾಡಿ ಎಂಬ ಮಾತನ್ನು ಹಾಕಿಬಿಡುತ್ತದೆ. ಲೆಡ್ಜರ್ ಅವರು ಮೊದಲ ಟಿಪ್ಪಣಿಯಲ್ಲಿ ಹಂಗಿಸಿದ ವಿರೋಧ ಪಕ್ಷದ ನಾಯಕರ ಇಬ್ಬಂದಿತನಕ್ಕೆ ಇದೂ ಒಂದು ಕಾರಣ. ಸದನದೊಳಗೆ ಕಡಿತ ಕೇಳಬೇಕು, ಸದನದ ಹೊರಗೆ ಹೆಚ್ಚಳ ಕೇಳಬೇಕು.

ಸ್ವತಂತ್ರ ಪಕ್ಷದ ನಿಜವಾದ ಕೊಡುಗೆ ನನ್ನ ಮಟ್ಟಿಗೆ ರಾಜಾಜಿಯವರ ಲೇಖನಗಳಲ್ಲ, ಆ ಪಕ್ಷದ ಸಂಸದ ಮಿನೂ ಮಸಾನಿಯವರ ಕುರ್ಚಿ. 1967ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ 44 ಸ್ಥಾನ ಗೆದ್ದು ಲೋಕಸಭೆಯಲ್ಲಿ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಅದೇ ವರ್ಷ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನ ಮೊದಲ ಬಾರಿಗೆ ವಿರೋಧ ಪಕ್ಷಕ್ಕೆ ಹೋಯಿತು, ಮಸಾನಿ ಅಧ್ಯಕ್ಷರಾದರು. 1921ರಿಂದ ಇದ್ದ ಸಮಿತಿ ಅದು. ಅಲ್ಲಿಯವರೆಗೆ ಖರ್ಚು ಮಾಡಿದ ಪಕ್ಷದವರೇ ಆ ಖರ್ಚಿನ ತಪಾಸಣೆಯ ಮುಖ್ಯಸ್ಥರಾಗಿರುತ್ತಿದ್ದರು. ಆಮೇಲಿನಿಂದ ಆ ಕುರ್ಚಿ ವಿರೋಧ ಪಕ್ಷದ್ದೇ ಎಂಬುದು ಸಂಪ್ರದಾಯವಾಯಿತು. ಮಹಾಲೇಖಪಾಲರ ವರದಿಯ ಒಂದು ಕಂಡಿಕೆಗೆ ಉತ್ತರ ಕೊಡಲು ಇಲಾಖೆಯ ಕಾರ್ಯದರ್ಶಿ ಸಮಿತಿಯ ಮುಂದೆ ಕೂರಬೇಕಾದಾಗ ಅವರ ಮುಖ ನೋಡಬೇಕು! ಆ ಕಂಡಿಕೆಗಳ ಕರಡು ಬರೆದವರಿಗೆ ಮಾತ್ರ ಆ ಸುಖ ಗೊತ್ತು.

ಸಾಲುಮರ

ಕಡತಯಾತ್ರೆ ಸರ್, ನೂರು ರೂಪಾಯಿ ಕಡಿತದ ವಿಷಯ ನನಗೆ ಹೊಸದು. ಬಜೆಟ್‌ನ ಎಲ್ಲ ಬೇಡಿಕೆಗಳ ಮೇಲೂ ಹೀಗೆ ಚರ್ಚೆ ಆಗುತ್ತದೆಯೇ?

ಕಡತಯಾತ್ರೆ

ಇಲ್ಲ. ಕೆಲವು ಸಚಿವಾಲಯಗಳ ಬೇಡಿಕೆಗಳು ಮಾತ್ರ ಚರ್ಚೆಗೆ ಬರುತ್ತವೆ. ನಿಗದಿಯಾದ ಕೊನೆಯ ದಿನ ಉಳಿದ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ಗಿಲೋಟಿನ್ ಎನ್ನುತ್ತಾರೆ ಅದಕ್ಕೆ. ಲಕ್ಷಾಂತರ ಕೋಟಿ ರೂಪಾಯಿ ಒಂದು ಮಧ್ಯಾಹ್ನದಲ್ಲಿ ಮಾತಿಲ್ಲದೆ ಮಂಜೂರಾಗುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ ಕಥೆ.

ತುಂಗಾತೀರ

ಕಡತಯಾತ್ರೆ ಅವರ ಮಾತಿನಿಂದ ಇನ್ನೊಂದು ನೆನಪಾಯಿತು. ಸರ್ಕಾರದ ಖರ್ಚನ್ನು ಟೀಕಿಸುವುದು ಬಲಪಂಥೀಯರ ಸ್ವತ್ತಲ್ಲ. 1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಆ ವರ್ಷದ ಉಪಚುನಾವಣೆಗಳಲ್ಲಿ ಕೃಪಲಾನಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ಮಸಾನಿ ಮೂವರೂ ಲೋಕಸಭೆಗೆ ಬಂದಿದ್ದರು. ಚೀನಾ ಯುದ್ಧದ ನಂತರ ರಕ್ಷಣಾ ವೆಚ್ಚ ಎರಡು ಪಟ್ಟಾಗಿತ್ತು, ಅದಕ್ಕೆ ಹಣ ಹೊಂದಿಸಲು ಮೊರಾರ್ಜಿ ದೇಸಾಯಿ ಕಡ್ಡಾಯ ಠೇವಣಿ ಯೋಜನೆ ತಂದಿದ್ದರು. ಕಂದಾಯ ಕಟ್ಟುವ ರೈತನೂ ಸರ್ಕಾರದ ಬಳಿ ಠೇವಣಿ ಇಡಬೇಕು! ಚಿನ್ನದ ನಿಯಂತ್ರಣದಿಂದ ಅಕ್ಕಸಾಲಿಗರ ಒಲೆ ಆರಿತ್ತು. ಆ ಚರ್ಚೆಯಲ್ಲಿ ಲೋಹಿಯಾ ಎತ್ತಿದ ಲೆಕ್ಕ: ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಗಾಗಿ ದಿನಕ್ಕೆ ₹25,000 ಖರ್ಚಾಗುತ್ತಿದೆ. ಮೂರು ಆಣೆಯಲ್ಲ, ಹದಿನೈದು ಆಣೆ ಎಂದು ಸರ್ಕಾರದ ಕಡೆಯಿಂದ ಉತ್ತರ ಬಂತು. ಹದಿನೈದೇ ಎಂದುಕೊಂಡರೂ ಒಂದು ರೂಪಾಯಿ ಆಗಲಿಲ್ಲವಲ್ಲ! ನಿರ್ಣಯ 62 ಮತಗಳ ವಿರುದ್ಧ 347ರಲ್ಲಿ ಸೋತಿತು, ಆ ಲೆಕ್ಕ ಮಾತ್ರ ಇವತ್ತಿಗೂ ನೆನಪಿನಲ್ಲಿದೆ. ಕಡ್ಡಾಯ ಠೇವಣಿಯನ್ನು ಕೆಲವೇ ತಿಂಗಳಲ್ಲಿ ಸಡಿಲಿಸಬೇಕಾಯಿತು.

ಲೋಹಿಯಾವಾದಿಗಳು ತೆರಿಗೆ ಇಳಿಸಿ ಎಂದೂ ಕೇಳಿದರು: ಲಾಭವಿಲ್ಲದ ಸಣ್ಣ ಹಿಡುವಳಿಗೆ ಭೂಕಂದಾಯ ಬೇಡ ಎಂದರು. 1967ರಲ್ಲಿ ಉತ್ತರ ಪ್ರದೇಶದಲ್ಲಿ ಚರಣ್ ಸಿಂಗ್ ಅವರ ಸಂಯುಕ್ತ ಸರ್ಕಾರದೊಳಗೆ ಇದೇ ದೊಡ್ಡ ಜಗಳವಾಯಿತು. ನೋಡಿ, ಯಾರ ತೆರಿಗೆ ಎಂಬಲ್ಲಿಗೆ ಮತ್ತೆ ಬಂದೆವು.

ವರಮಾನ ವಕೀಲ

ಲೋಹಿಯಾ ಅವರ ಮೂರು ಆಣೆಯ ಲೆಕ್ಕ ಅಂಕಿಅಂಶವಾಗಿ ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಒಂದು ಕೆಲಸ ಮಾಡಿತು. ಸರ್ಕಾರ ಖರ್ಚಿನ ಒಟ್ಟು ಮೊತ್ತ ಹೇಳಿ ತಪ್ಪಿಸಿಕೊಳ್ಳಲು ಆಗಲಿಲ್ಲ, ತಲಾ ಲೆಕ್ಕ ಹೇಳಬೇಕಾಯಿತು. ರಾಜಾಜಿಯವರ ಬರಹದಲ್ಲಿ ಇಂಥ ಅಂಕಿ ಸಿಗುವುದಿಲ್ಲ. ಅವರದು ನೀತಿಕಥೆಯ ದಾಟಿ. ಪಕ್ಷಕ್ಕೆ ಅಂಕಿ ಒದಗಿಸುತ್ತಿದ್ದವರು ಮಸಾನಿ, ಶೆಣೈ.

ಬೆಂಗಳೂರು ಪೂರ್ವ

ತಡವಾಗಿ ಬಂದೆ. ನಮ್ಮ ತಂದೆ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ನೌಕರರು. ಆ ಕಾಲೊನಿಯ ಶಾಲೆ, ಆಸ್ಪತ್ರೆ, ಬಸ್ಸು ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಕುಳಿತು ಬರೆಯುತ್ತಿರಲಿಲ್ಲ. ದೂರವಾಣಿ ಮಾಡುವ ಐ.ಟಿ.ಐ., ಯಂತ್ರೋಪಕರಣದ ಎಚ್.ಎಂ.ಟಿ., ಎಲೆಕ್ಟ್ರಾನಿಕ್ಸ್‌ನ ಬಿ.ಇ.ಎಲ್. ಇವೆಲ್ಲ 1948ರಿಂದ 1954ರೊಳಗೆ ಬೆಂಗಳೂರಿಗೆ ಬಂದವು. ರಾಜಾಜಿಯವರ ಮಾತು ಕೇಳಿದ್ದರೆ ಈ ನಗರ ಪಿಂಚಣಿದಾರರ ಊರಾಗಿಯೇ ಉಳಿಯುತ್ತಿತ್ತು. ಅವರೇನೋ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಹೋದವರು, ಆ ಪಿಂಚಣಿದಾರರ ಊರೇ ಅವರಿಗೆ ಇಷ್ಟವಾಗಿತ್ತೋ ಏನೋ!

ಹಳೇ ಲೆಡ್ಜರ್

ಒಳ್ಳೆಯ ಪ್ರಶ್ನೆ, ಆದರೆ ನೀವು ಹೇಳಿದ ಮೂರೂ ಎರಡನೆಯ ಯೋಜನೆಗಿಂತ ಮೊದಲಿನವು. ಕೊರತೆ ಹಣಕಾಸಿನ ಮಹಾಯೋಜನೆ ಬಂದದ್ದು 1956ರಲ್ಲಿ. ಇನ್ನು ವಿಮಾನ ಕಾರ್ಖಾನೆ ಎಚ್.ಎ.ಎಲ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಖಾಸಗಿ ಉದ್ಯಮಿ ಮೈಸೂರು ಸಂಸ್ಥಾನದ ಪಾಲು ಬಂಡವಾಳದೊಂದಿಗೆ ಶುರು ಮಾಡಿದ್ದು. ಮೂರರಲ್ಲಿ ಬಿ.ಇ.ಎಲ್. ಇವತ್ತಿಗೂ ಲಾಭ ತಂದುಕೊಡುತ್ತಿದೆ, ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಮುಚ್ಚಿದೆ, ಐ.ಟಿ.ಐ. ವರ್ಷಗಟ್ಟಲೆ ಸರ್ಕಾರದ ಹಣದಿಂದ ಉಸಿರಾಡಿದೆ. ಒಂದೇ ಊರಿನ, ಒಂದೇ ಕಾಲದ ಮೂರು ಕಾರ್ಖಾನೆಗಳ ಗತಿ ಮೂರು ಬಗೆಯಾಯಿತು. ಯಾವುದಕ್ಕೆ ಇನ್ನೂ ಹಣ ಹಾಕಬೇಕು, ಯಾವುದಕ್ಕೆ ಸಾಕು ಎಂದು ಕೇಳುವವರು ಸದನದಲ್ಲಿ ಬೇಕಿತ್ತು. ರಾಜಾಜಿಯವರ ಪಕ್ಷ 1971ರಲ್ಲಿ 8 ಸ್ಥಾನಕ್ಕೆ ಕುಸಿಯಿತು, 1974ರಲ್ಲಿ ಇನ್ನೊಂದು ಪಕ್ಷದಲ್ಲಿ ಕರಗಿಹೋಯಿತು.

ಬೆಂಗಳೂರು ಪೂರ್ವ

ಮೊದಲಿನವು ಆಮೇಲಿನವು ಎಂಬ ತಾರೀಕಿನ ಲೆಕ್ಕ ಸರಿ. ಆದರೆ ಸರ್ಕಾರ ಕಾರ್ಖಾನೆ ನಡೆಸಬಾರದು ಎಂಬುದು ಅವರ ನಿಲುವಾಗಿತ್ತಲ್ಲ, ಅದರ ಬಗ್ಗೆ ನೀವು ಉತ್ತರ ಕೊಡಲಿಲ್ಲ. ಬಿ.ಇ.ಎಲ್. ಮಾಡುವ ರೇಡಾರ್‌ಗೆ 1954ರಲ್ಲಿ ಯಾವ ಖಾಸಗಿಯವನು ಬಂಡವಾಳ ಹಾಕುತ್ತಿದ್ದ?

ನಿರ್ವಾಹಕರು

ಈಗಿನ ಸರ್ಕಾರ, ಈಗಿನ ವಿರೋಧ ಪಕ್ಷಗಳ ಹೆಸರು ಹಿಡಿದು ಬಂದ ಕೆಲವು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. ಇಲ್ಲಿ ರಾಜಾಜಿ ಮತ್ತು ಅವರ ಕಾಲದ ಚರ್ಚೆ ಮುಂದುವರಿಯಲಿ.

ಗಣಿತಪ್ರಿಯೆ

ಲೆಡ್ಜರ್ ಸರ್, ನಿಮ್ಮ ವಾದದ ಅಡಿಪಾಯಕ್ಕೇ ಒಂದು ಪ್ರಶ್ನೆ. ರಾಜಾಜಿ ಖರ್ಚಿನ ವಿಷಯದಲ್ಲಿ ಕಟ್ಟುನಿಟ್ಟು ಎನ್ನುತ್ತೀರಿ. 1967ರಲ್ಲಿ ಅವರು ಮದ್ರಾಸಿನಲ್ಲಿ ಕೈಜೋಡಿಸಿದ್ದು ಡಿ.ಎಂ.ಕೆ. ಜೊತೆ. ಆ ಚುನಾವಣೆಯಲ್ಲಿ ಡಿ.ಎಂ.ಕೆ.ಯ ದೊಡ್ಡ ಭರವಸೆ ಒಂದು ರೂಪಾಯಿಗೆ ಮೂರು ಪಡಿ ಅಕ್ಕಿ. ಗೆದ್ದ ಮೇಲೆ ಮೂರು ಪಡಿ ಆಗಲಿಲ್ಲ. ಒಂದು ಪಡಿ, ಅದೂ ಮದ್ರಾಸ್ ಮತ್ತು ಕೊಯಮತ್ತೂರು ನಗರಗಳಲ್ಲಿ. ಕೊರತೆ ಬಜೆಟ್ಟನ್ನು ಹತ್ತು ವರ್ಷ ಖಂಡಿಸಿದ ರಾಜಕಾರಣಿ ಇಂಥ ಭರವಸೆಯ ಪಕ್ಕದಲ್ಲಿ ನಿಂತು ಮತ ಕೇಳಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಹಳೇ ಲೆಡ್ಜರ್

ರಾಜಕಾರಣ ಎಂದೇ ಅರ್ಥ ಮಾಡಿಕೊಳ್ಳಬೇಕು. ಕಾಂಗ್ರೆಸ್ಸನ್ನು ಕೆಳಗಿಳಿಸುವುದು ಅವರಿಗೆ ಅಕ್ಕಿಯ ಲೆಕ್ಕಕ್ಕಿಂತ ದೊಡ್ಡದಾಗಿತ್ತು, ಹಿಂದಿ ಹೇರಿಕೆಯ ವಿರೋಧದಲ್ಲಿ ಇಬ್ಬರೂ ಜೊತೆಗಿದ್ದರು. ಆದರೆ ಆ ಮೈತ್ರಿಗೆ ಅವರು ತೆತ್ತ ಬೆಲೆ ಮೂರು ಪಡಿ ಅಕ್ಕಿಯಲ್ಲ. 1971ರಲ್ಲಿ ಅದೇ ಡಿ.ಎಂ.ಕೆ. ಸರ್ಕಾರ ಬೊಕ್ಕಸಕ್ಕೆ ಹಣ ಬೇಕೆಂದು ಪಾನನಿಷೇಧವನ್ನು ತೆಗೆದುಹಾಕಿತು. ತೊಂಬತ್ತು ದಾಟಿದ ರಾಜಾಜಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡರು, ಫಲವಾಗಲಿಲ್ಲ.

ವರಮಾನ ವಕೀಲ

ಅಂದರೆ ಸರ್, ಅಬಕಾರಿ ಆದಾಯ ಹೋಯಿತೆಂದು ಮಾರಾಟ ತೆರಿಗೆ ತಂದರು. ಅಬಕಾರಿ ಆದಾಯ ವಾಪಸ್ ಬಂದಾಗ ಮಾರಾಟ ತೆರಿಗೆ ಹೋಗಲಿಲ್ಲ. ಎರಡೂ ಬೊಕ್ಕಸದಲ್ಲಿ ಉಳಿದವು. 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಮದ್ಯ ಮತ್ತು ಪೆಟ್ರೋಲ್, ಡೀಸೆಲ್ ಹೊರಗೇ ಉಳಿದವು, ಏಕೆಂದರೆ ಯಾವ ರಾಜ್ಯವೂ ಆ ಎರಡನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಕರ್ನಾಟಕದಲ್ಲಿ ಪೆಟ್ರೋಲಿನ ಮೇಲೆ ಇವತ್ತಿಗೂ ಬೀಳುವುದು 1957ರ ಮಾರಾಟ ತೆರಿಗೆ ಕಾಯ್ದೆಯ ತೆರಿಗೆಯೇ. ಒಂದು ಕಾರಣಕ್ಕೆ ಬಂದ ತೆರಿಗೆ ಆ ಕಾರಣ ಹೋದ ಮೇಲೂ ಉಳಿಯುತ್ತದೆ ಎಂಬುದಕ್ಕೆ ರಾಜಾಜಿಯವರ ಕೈಯಿಂದಲೇ ಹುಟ್ಟಿದ ಸಾಕ್ಷ್ಯ ಇದು. ನಿಮ್ಮ ವಾದಕ್ಕೆ ಇದು ಪುಷ್ಟಿಯೋ ಪೆಟ್ಟೋ ನೀವೇ ಹೇಳಿ.

ಹಳೇ ಲೆಡ್ಜರ್

ಎರಡೂ. 1939ರ ಮಂತ್ರಿಗೆ ಪೆಟ್ಟು, 1959ರ ವಿರೋಧ ಪಕ್ಷದವರಿಗೆ ಪುಷ್ಟಿ.

ಕಡತಯಾತ್ರೆ

ಬೆಂಗಳೂರು ಪೂರ್ವ ಅವರ ರೇಡಾರ್ ಪ್ರಶ್ನೆಗೆ ಇನ್ನೂ ಉತ್ತರ ಬಾಕಿ ಇದೆ ಎಂಬುದನ್ನು ಟಿಪ್ಪಣಿ ಮಾಡುತ್ತೇನೆ. ತಪಾಸಣೆಯವರ ಭಾಷೆಯಲ್ಲಿ ಆಕ್ಷೇಪಣೆ ಇತ್ಯರ್ಥವಾಗಿಲ್ಲ. ಮಸಾನಿಯವರು ಹಣಕಾಸು ಮಸೂದೆಗಳ ಮೇಲೆ ಮಾಡಿದ ಭಾಷಣಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಓದಲು ಬಯಸುವವರು 1963ರ ಬಜೆಟ್ ಅಧಿವೇಶನದ ನಂತರದ ಸಂಪುಟಗಳಿಂದ ಶುರು ಮಾಡಿ, ಅವರು ಸದನಕ್ಕೆ ಮರಳಿದ್ದು ಆಗಲೇ.

ಹಳೇ ಲೆಡ್ಜರ್

ರೇಡಾರ್ ವಿಷಯದಲ್ಲಿ ಉತ್ತರ ಇದು: ರಕ್ಷಣೆಗೆ ಬೇಕಾದದ್ದನ್ನು ಸರ್ಕಾರವೇ ಮಾಡಬೇಕಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಕೈಗಡಿಯಾರವನ್ನೂ ಸರ್ಕಾರವೇ ಮಾಡಬೇಕಾಗಿತ್ತೇ ಎಂದು ಮಾತ್ರ ಕೇಳುತ್ತೇನೆ.

ಬೆಂಗಳೂರು ಪೂರ್ವ

ನಮ್ಮ ತಂದೆಯ ಕೈಯಲ್ಲಿ ಇವತ್ತಿಗೂ ಓಡುತ್ತಿರುವುದು ಅದೇ ಗಡಿಯಾರ, ಸರ್. ಅವರ ಮುಂದೆ ಈ ಪ್ರಶ್ನೆ ಕೇಳಬೇಡಿ.